ಅತ್ತೆಯೇ ಇಲ್ಲದ ನಾಡು: 'ಹರ್‌ಲ್ಯಾಂಡ್' ಅನುವಾದದ ಅನುಭವ

ಅಮೆರಿಕದ ಲೇಖಕಿ ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ ಒಬ್ಬರೇ ಬರೆದು ನಡೆಸುತ್ತಿದ್ದ 'ದಿ ಫೋರ್‌ರನ್ನರ್' ಮಾಸಪತ್ರಿಕೆಯಲ್ಲಿ 1915ರಲ್ಲಿ ಕಂತುಕಂತಾಗಿ ಬಂದ 12 ಅಧ್ಯಾಯಗಳ ಕಾದಂಬರಿ ಇದು, ಪುಸ್ತಕವಾದದ್ದು 1979ರಲ್ಲಿ. 2000 ವರ್ಷಗಳಿಂದ ಗಂಡಸರೇ ಇಲ್ಲದ, 30 ಲಕ್ಷ ಹೆಂಗಸರ ನಾಡಿಗೆ ಮೂವರು ಅಮೆರಿಕನ್ ಗಂಡಸರು, ಕಥೆ ಹೇಳುವ ವ್ಯಾನ್ ಮತ್ತು ಅವನ ಗೆಳೆಯರಾದ ಟೆರ್ರಿ, ಜೆಫ್, ಹೋಗುವ ಕಥೆ. ಇಂಗ್ಲಿಷೇನೋ ಸರಳ. ಕಷ್ಟ ಕೊಟ್ಟದ್ದು ಕನ್ನಡ: ನಮ್ಮ ಮಾತಿನ ಮೂಲೆಮೂಲೆಯಲ್ಲೂ ಗಂಡಸು ಕೂತಿದ್ದಾನೆ.

ಹೆಸರಿಗೆ 'ಸ್ತ್ರೀರಾಜ್ಯ' ಎಂದಿಟ್ಟರೆ ಜೈಮಿನಿ ಭಾರತದ ಪ್ರಮೀಳೆ ಕಣ್ಮುಂದೆ ಬರುತ್ತಾಳೆ, ಓದುಗರು ಅರ್ಜುನನಿಗೆ ಕಾಯುತ್ತಾರೆ. ಮೂಲದ ಹೆಸರನ್ನೇ ಉಳಿಸಿದೆ.

ಹೆಚ್ಚು ಹೊತ್ತು ಹಿಡಿದದ್ದು ಐದನೆಯ ಅಧ್ಯಾಯದ ಒಂದೇ ಒಂದು ವಾಕ್ಯ. ಗಂಡಿನ ಸೋಂಕಿಲ್ಲದೆ ಒಬ್ಬಳಿಗೆ ಐವರು ಹೆಣ್ಣುಮಕ್ಕಳು, ಆ ಒಬ್ಬೊಬ್ಬರಿಗೂ ಐದೈದು. ಹೀಗೆ 5 ಅಕ್ಕತಂಗಿಯರು, 25 ಕಸಿನ್‌ಗಳು, 125 ಸೆಕೆಂಡ್ ಕಸಿನ್‌ಗಳು ಸೇರಿ ಹೊಸ ಕುಲ ಹುಟ್ಟುತ್ತದೆ. 'ಸೋದರಸಂಬಂಧಿ' ಹಾಕಿದರೆ ಕೆಟ್ಟಿತು. ಸೋದರಸಂಬಂಧ ಅಂದರೆ ನಮ್ಮಲ್ಲಿ ಮದುವೆ ಮಾತು. ಅಪ್ಪನಿಲ್ಲದ ಊರಿನಲ್ಲಿ ಅತ್ತೆ ಇಲ್ಲ, ಸೋದರಮಾವ ಇಲ್ಲ. ಉಳಿದವರು ದೊಡ್ಡಮ್ಮ, ಚಿಕ್ಕಮ್ಮ ಮಾತ್ರ. ಅವರ ಮಕ್ಕಳನ್ನು ನಾವು ಅಕ್ಕ, ತಂಗಿ ಎಂದೇ ಕರೆಯುವುದು. ಅಲ್ಲಿಗೆ ಕನ್ನಡದಲ್ಲಿ 5, 25, 125 ಎಲ್ಲರೂ ಅಕ್ಕತಂಗಿಯರಾಗಿಬಿಡುತ್ತಾರೆ. ಲೇಖಕಿಗೆ ಬೇಕಿದ್ದದ್ದೂ ಅದೇ ತಾನೆ! ಆದರೆ ತಲೆಮಾರಿನ ಲೆಕ್ಕ ಕಳೆದುಹೋಗುತ್ತದೆ. ಅದಕ್ಕೇ ಮೇಲಿನಿಂದ ಎಣಿಸಿದೆ: ಐವರು ಹೆಣ್ಣುಮಕ್ಕಳು, 25 ಮೊಮ್ಮಕ್ಕಳು, 125 ಮರಿಮಕ್ಕಳು.

ಕರಡು ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಕೆಲವು ಪದಗಳನ್ನು ಹುಡುಕಿ ತೆಗೆಯಬೇಕು: ಗಂಡೆದೆ, ಪೌರುಷ, ತವರು, ಯಜಮಾನ, ಮುತ್ತೈದೆ. ಗಂಡನ ಮನೆಯೇ ಇಲ್ಲದವಳಿಗೆ ಎಲ್ಲಿಯ ತವರು? ಬೈಗುಳ, ಗಾದೆಗಳಲ್ಲೂ ಇವು ನುಸುಳಿರುತ್ತವೆ. ಟೆರ್ರಿಯ ಬಾಯಲ್ಲಿ ಬಂದರೆ ಮಾತ್ರ ಬಿಡಿ, ಅವನು ಆಡುವುದೇ ಹಾಗೆ. ಈ ಮೂವರನ್ನು ಕಾಯುವ ಹಿರಿಯ ಹೆಂಗಸರಿಗೆ ಅವನಿಟ್ಟ 'ಕರ್ನಲ್' ಎಂಬ ಅಡ್ಡಹೆಸರನ್ನೂ ಹಾಗೇ ಇಟ್ಟುಕೊಳ್ಳಿ.

ಮದುವೆಯಾದ ಮೇಲೆ ವ್ಯಾನ್ ತನ್ನ ಹೆಂಡತಿ, ಆ ನಾಡಿನ ಎಲ್ಲಡಾರ್‌ಗೆ 'ನೀನು', ಅವಳು ಅವನಿಗೆ 'ನೀವು' ಅನ್ನುವುದು ಹಳೆಯ ಕಾದಂಬರಿಗಳ ಅಭ್ಯಾಸದಲ್ಲಿ ಕೈಗೆ ತಾನಾಗಿ ಬರುತ್ತದೆ. ಆ ಒಂದು ಸರ್ವನಾಮಕ್ಕೆ ಇಡೀ ದಾಂಪತ್ಯವೇ ಸುಳ್ಳಾಗುತ್ತದೆ. ಎರಡೂ ಕಡೆ 'ನೀನು'.

ಇನ್ನೊಂದು ಗಂಟು 'ವರ್ಜಿನ್'. ಈ ಪದ ಗಂಡಿಗೂ ಸಲ್ಲುತ್ತದೆಯೇ ಎಂದು ಅಲ್ಲಿಯವಳು ಕೇಳುತ್ತಾಳೆ. ಸಲ್ಲುತ್ತದೆ, ಆದರೆ ಬಳಸುವುದು ಅಪರೂಪ ಎಂದು ಜೆಫ್ ಅವಸರದಲ್ಲಿ ಮಾತು ತೇಲಿಸುತ್ತಾನೆ. 'ಕನ್ಯೆ' ಹೆಣ್ಣಿಗಷ್ಟೇ ಆದ್ದರಿಂದ ಅದನ್ನು ಹಾಕಿದರೆ ಪ್ರಶ್ನೆಯೇ ಏಳುವುದಿಲ್ಲ. 'ಬ್ರಹ್ಮಚಾರಿ' ಎಂದರೆ ವ್ರತದ ವಾಸನೆ. ಅವರು ಆಡುತ್ತಿರುವುದು ಆ ನಾಡಿನ ಭಾಷೆ, ಇಂಗ್ಲಿಷ್ ಪದ ಅಲ್ಲಿಗೂ ಪರಕೀಯವೇ. ಹಾಗಾಗಿ 'ವರ್ಜಿನ್' ಎಂದೇ ಬರೆದೆ, ನಗು ಉಳಿಯಿತು.

ಈ ಜನ 'ಆರ್ಯ' ಕುಲದವರೆಂದು ವ್ಯಾನ್ ಹೇಳುವ ಮಾತನ್ನೂ, ಕೆಟ್ಟ ಗುಣ ಕಂಡ ಹುಡುಗಿಯರಿಗೆ ತಾಯ್ತನ ಬಿಟ್ಟುಕೊಡಿ ಎಂದು ಕೇಳಿಕೊಳ್ಳುವ ಪದ್ಧತಿಯನ್ನೂ ಮೆದುಗೊಳಿಸಬಾರದು. ಆದರ್ಶ ಸಮಾಜದ ಈ ಮಗ್ಗುಲೂ ಓದುಗರಿಗೆ ಕಾಣಲಿ. ಬರೀ 'ಆರ್ಯ' ಎಂದರೆ ಇಲ್ಲಿಯ ಕಿವಿಗೆ ಬೇರೆಯೇ ಜಗಳ ಕೇಳಿಸುತ್ತದೆ, ಹಾಗಾಗಿ 'ಬಿಳಿಯ ಆರ್ಯ ಬುಡಕಟ್ಟು' ಎಂದು ಬಿಡಿಸಿ ಬರೆದೆ.