ಹೆಲಿಕಾಪ್ಟರ್ ಏಸಿಯನ್ನು ಅರಿತು ಬಳಸುವ ಬಗೆ

ಹೆಲಿಕಾಪ್ಟರ್‌ನ ಏಸಿ ತಂಪನ್ನು ತಯಾರಿಸುವುದಿಲ್ಲ, ಕ್ಯಾಬಿನ್ನಿನ ಶಾಖವನ್ನು ಹೊರಸಾಗಿಸುತ್ತದೆ. ಹಲವು ಮಾದರಿಗಳಲ್ಲಿ ಬೆಲ್ಟ್‌ನಿಂದ ತಿರುಗುವ ಕಂಪ್ರೆಸರ್, ಆರ್-134ಎ ಎಂಬ, ಶಾಖ ಹೊತ್ತೊಯ್ಯುವ ಶೀತಕ ಅನಿಲವನ್ನು ಒತ್ತಿ ಕಂಡೆನ್ಸರ್‌ಗೆ ಕಳಿಸುತ್ತದೆ. ಅಲ್ಲಿ ಶಾಖ ಕಳೆದುಕೊಂಡು ದ್ರವವಾದ ಅದು, ಎಕ್ಸ್‌ಪ್ಯಾನ್ಷನ್ ವಾಲ್ವ್‌ನ ಕಿರುರಂಧ್ರವನ್ನು ದಾಟಿದೊಡನೆ ಒತ್ತಡ ಇಳಿದು, ಇವಾಪರೇಟರ್‌ನಲ್ಲಿ ಕುದಿಯುತ್ತಾ, ಬ್ಲೋವರ್ ತಳ್ಳುವ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಸಾಮಾನ್ಯ ವಾಯುಭಾರದಲ್ಲಿ ಈ ದ್ರವ ಸುಮಾರು ಮೈನಸ್ 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ ಎಂಬುದೇ ಇಲ್ಲಿನ ಗುಟ್ಟು.

ಬಿಸಿಲಿನಲ್ಲಿ ನಿಂತಿದ್ದ ಹೆಲಿಕಾಪ್ಟರ್ ಆದರೆ, ಮೊದಲು ಬಾಗಿಲು ತೆರೆದಿಟ್ಟು ಒಳಗಿನ ಬಿಸಿಗಾಳಿಯನ್ನು ಹೊರಬಿಡಿ. ಇದೊಂದನ್ನು ಬಹಳಷ್ಟು ಮಂದಿ ಮರೆಯುತ್ತಾರೆ. ಕಂಪ್ರೆಸರ್ ಎಂಜಿನ್‌ನ ಶಕ್ತಿಯಲ್ಲೇ ಪಾಲು ಕೇಳುವುದರಿಂದ, ಭಾರ ಹೆಚ್ಚಿದ್ದಾಗ ಟೇಕಾಫ್‌ಗೆ ಮುನ್ನ ಏಸಿ ಆರಿಸಬೇಕೇ ಎಂಬುದನ್ನು ಹಾರಾಟದ ಕೈಪಿಡಿಯಲ್ಲಿ ನೋಡಿಕೊಳ್ಳಿ. ಡ್ರೈನ್ ಕೊಳವೆಯಿಂದ ತೊಟ್ಟಿಕ್ಕುವ ನೀರು ಸೋರಿಕೆಯಲ್ಲ, ಗಾಳಿಯಲ್ಲಿದ್ದ ತೇವಾಂಶವಷ್ಟೇ. ಎಣ್ಣೆಯ ಜಿಡ್ಡು ಕಂಡರೆ ಮಾತ್ರ ತಂತ್ರಜ್ಞರನ್ನು ಕರೆಯಿರಿ.