ಮ್ಯೂನಿಕ್‌ನಲ್ಲಿ ನನಗೆ ರೂಮು ಸಿಕ್ಕಿದ್ದು ಹೀಗೆ

ಅಕ್ಟೋಬರ್‌ಗೆ ಸೆಮಿಸ್ಟರ್ ಶುರು. ಸೆಪ್ಟೆಂಬರ್ ಮುಗಿಯುತ್ತ ಬಂದರೂ ಮ್ಯೂನಿಕ್‌ನಲ್ಲಿ ನನಗೊಂದು ಸೂರಿರಲಿಲ್ಲ. ವಿದ್ಯಾರ್ಥಿ ಹಾಸ್ಟೆಲಿನ ಕಾಯುವ ಪಟ್ಟಿ ಉದ್ದವಿತ್ತು. ಇಂಗ್ಲಿಷಿನಲ್ಲಿ ಒಂದೇ ಸಂದೇಶವನ್ನು ನಲವತ್ತು ಮನೆಗೆ ಕಳಿಸಿದ್ದೆ, ಉತ್ತರವಿಲ್ಲ. ಒಬ್ಬಾತ ಅಡ್ವಾನ್ಸ್ ಕಳಿಸಿದರೆ ಬೀಗದ ಕೈ ಅಂಚೆಯಲ್ಲಿ ಬರುತ್ತದೆ ಎಂದ. ಮೋಸ ಅಂತ ಗೊತ್ತಾಗಿ ಬಿಟ್ಟೆ.

ಆಮೇಲೆ ಕಾಯಂ ರೂಮಿನ ಹಟ ಬಿಟ್ಟು 'ಜ್ವಿಶೆನ್‌ಮೀಟೆ' ಹುಡುಕಿದೆ: ಇಂಟರ್ನ್‌ಶಿಪ್ಪಿಗೋ ಬೇರೆ ಊರಿಗೋ ಹೋಗುವವರು ಕೆಲವು ತಿಂಗಳಿಗೆ ಬಿಟ್ಟುಕೊಡುವ ರೂಮು. ಯು6 ಮೆಟ್ರೋ ಸಾಲಿನಲ್ಲಿ ಊರಾಚೆ ಗಾರ್ಖಿಂಗ್ ತನಕ ನೋಡಿದೆ. ಪ್ರತಿ ಜಾಹೀರಾತನ್ನೂ ಪೂರ್ತಿ ಓದಿ, ಆ ಮನೆಯವರಿಗೆಂದೇ ಜರ್ಮನ್‌ನಲ್ಲಿ ನಾಲ್ಕು ಸಾಲು ಬರೆದೆ. ಐದು ಉತ್ತರ ಬಂದವು! ಅಲ್ಲೇ ಓದುತ್ತಿದ್ದ ಧಾರವಾಡದ ಅಕ್ಕ ಒಬ್ಬರು ಹೋಗಿ ವಿಡಿಯೋ ಕಾಲ್‌ನಲ್ಲಿ ರೂಮು ತೋರಿಸಿದರು. ಆ ಋಣ ದೊಡ್ಡದು.

ಒಪ್ಪುವ ಮುಂಚೆ ಕೇಳಿದ್ದು, ನಗರ ಕಚೇರಿಯ ವಿಳಾಸ ನೋಂದಣಿಗೆ ಮನೆ ಕೊಟ್ಟವರ ದೃಢೀಕರಣ ಪತ್ರ ಕೊಡುತ್ತೀರಾ ಎಂದು. ಮನೆ ಸೇರಿದ 2 ವಾರದೊಳಗೆ ನೋಂದಣಿ ಆಗಬೇಕು, ಪತ್ರವಿಲ್ಲದೆ ಆಗದು. ಅಡ್ವಾನ್ಸ್ ಬೆಂಗಳೂರಿನ ಹಾಗಲ್ಲ. ಕಾನೂನಿನಂತೆ 3 ತಿಂಗಳ ಮೂಲ ಬಾಡಿಗೆ ಮೀರುವಂತಿಲ್ಲ, 3 ಕಂತಿನಲ್ಲೂ ಕಟ್ಟಬಹುದು. ನಾನು ಕಂತಿನಲ್ಲೇ ಕಟ್ಟಿದೆ.

ಮಾರ್ಚ್‌ನಲ್ಲಿ ಆ ರೂಮು ಬಿಡುವ ಹೊತ್ತಿಗೆ ಹಾಸ್ಟೆಲಿನಿಂದ ಪತ್ರ ಬಂತು.