ನಿಮ್ಮ ವ್ಯಾಪಾರಕ್ಕೆ ಯಾವ ಸಾಮಾಜಿಕ ಜಾಲತಾಣ? ಮೊದಲು ಗಿರಾಕಿಯನ್ನು ಕೇಳಿ

ಶಿರಸಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಅತ್ತಿಗೆ ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. ಎರಡು ವರ್ಷದ ಹಿಂದೆ ಬೇಸಿಗೆ ರಜೆಗೆ ಬಂದ ಅಣ್ಣನ ಮಗಳು ಒಂದೇ ಮಧ್ಯಾಹ್ನದಲ್ಲಿ ಆರು ಕಡೆ ಖಾತೆ ತೆರೆದುಕೊಟ್ಟಳು: ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಎಕ್ಸ್ (ಹಿಂದಿನ ಟ್ವಿಟರ್), ಟೆಲಿಗ್ರಾಂ, ಲಿಂಕ್ಡ್‌ಇನ್. ಆರೂ ಕಡೆ ಅದೇ ಫೋಟೊ, ಅದೇ ಬರಹ. ಅವಳು ಕಾಲೇಜಿಗೆ ವಾಪಸ್ ಹೋದ ಮೇಲೆ ಯಾರೂ ಅತ್ತ ತಿರುಗಿ ನೋಡಲಿಲ್ಲ. ದೀಪಾವಳಿಗೆ ಬಂದವಳು ತೆರೆದು ನೋಡಿದರೆ ಫೇಸ್‌ಬುಕ್ ಮೆಸೇಜಿನಲ್ಲಿ ಬೆಂಗಳೂರಿನ ಒಬ್ಬರು ಬರೆದಿದ್ದರು: 'ಮಗಳ ಮದುವೆಗೆ ಐನೂರು ಹಪ್ಪಳ ಬೇಕಿತ್ತು, ಕಳಿಸ್ತೀರಾ?' ಮೂರು ದಿನ ಬಿಟ್ಟು ಅದರ ಕೆಳಗೆ, 'ಇದ್ದೀರಾ ಅಮ್ಮಾ?' ಆಮೇಲೆ ಏನೂ ಇಲ್ಲ. ಮದುವೆ ಮುಗಿದು ತಿಂಗಳಾಗಿತ್ತು.

ಐನೂರು ಹಪ್ಪಳ ಕೈತಪ್ಪಿದ್ದಕ್ಕಿಂತ ಆ 'ಇದ್ದೀರಾ ಅಮ್ಮಾ' ಅತ್ತಿಗೆಗೆ ಹೆಚ್ಚು ನೋವು ಕೊಟ್ಟಿತು. ಇದೇ ಕಥೆಯನ್ನು ಬ್ಲೌಸ್ ಹೊಲಿಯುವವರಲ್ಲಿ, ಬೇಕರಿಯವರಲ್ಲಿ, ನರ್ಸರಿ ಇಟ್ಟವರಲ್ಲಿ ನೋಡಿದ್ದೇನೆ. ಎಲ್ಲರೂ ಖಾತೆ ತೆರೆಯುವುದರಿಂದಲೇ ಶುರು ಮಾಡುತ್ತಾರೆ. ಅದು ಹತ್ತು ನಿಮಿಷದ ಕೆಲಸ, ಕೊನೆಗೆ ಮಾಡಿದರೆ ಸಾಕು. ಅದಕ್ಕೂ ಮೊದಲಿನ ಕೆಲಸವನ್ನು ಯಾರೂ ಮಾಡುವುದಿಲ್ಲ. ಹಾಗಾಗಿ ಇಲ್ಲಿ ಅದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಹೆಜ್ಜೆ 1: ಮೂವತ್ತು ಗಿರಾಕಿ, ನಾಲ್ಕು ಕಾಲಂ

ಇನ್ನೂರು ಪುಟದ ಸಾದಾ ನೋಟ್‌ಬುಕ್ ತನ್ನಿ. ಫೋನ್‌ನಲ್ಲಿ ಬರೆದುಕೊಳ್ಳುತ್ತೇನೆ ಎನ್ನಬೇಡಿ. ಗಿರಾಕಿ ಎದುರಿಗಿದ್ದಾಗ ಫೋನ್ ಕೈಗೆತ್ತಿಕೊಂಡರೆ ಮಾತು ನಿಂತುಹೋಗುತ್ತದೆ. ಪುಟಕ್ಕೆ ಮೂರು ಗೆರೆ ಎಳೆದು ನಾಲ್ಕು ಕಾಲಂ ಮಾಡಿ. ಒಂದರಲ್ಲಿ ಗಿರಾಕಿಯ ಊರು. ಎರಡರಲ್ಲಿ, ನಿಮ್ಮ ವಿಷಯ ಮೊದಲ ಸಲ ಅವರಿಗೆ ಗೊತ್ತಾದದ್ದು ಎಲ್ಲಿ ಎಂಬುದು. ಮೂರರಲ್ಲಿ, ಅವರು ನಿಮ್ಮನ್ನು ಕೇಳಿದ ಮೊಟ್ಟಮೊದಲ ಪ್ರಶ್ನೆ. ನಾಲ್ಕರಲ್ಲಿ, ವ್ಯಾಪಾರದ ಮಾತು ಮುಗಿದದ್ದು ಅಂಗಡಿಯಲ್ಲೋ, ಫೋನಿನಲ್ಲೋ, ವಾಟ್ಸ್‌ಆ್ಯಪ್‌ನಲ್ಲೋ ಎಂಬುದು. ಒಂದರ ಹಿಂದೆ ಒಂದರಂತೆ ಬಂದ ಮೂವತ್ತು ಗಿರಾಕಿಗಳನ್ನು ಬರೆಯಿರಿ. ನಿಮಗೆ ಇಷ್ಟವಾದವರನ್ನು ಮಾತ್ರ ಆರಿಸಿಕೊಂಡರೆ ಲೆಕ್ಕ ಕೆಡುತ್ತದೆ.

ಎಲ್ಲರೂ ಎಡವುವುದು ಎರಡನೇ ಕಾಲಂನಲ್ಲಿ. 'ನಮ್ಮ ಇನ್‌ಸ್ಟಾಗ್ರಾಂ ನೋಡಿದ್ರಾ?' ಎಂದು ಕೇಳುತ್ತಾರೆ. ನಮ್ಮ ಜನ ಒಳ್ಳೆಯವರು, ಮನಸ್ಸು ನೋಯಿಸಬಾರದೆಂದು 'ಹ್ಞೂಂ, ನೋಡಿದ್ದೆ' ಎನ್ನುತ್ತಾರೆ. ಆ ಉತ್ತರವನ್ನು ನಂಬಿ ವರ್ಷಗಟ್ಟಲೆ ರೀಲ್ಸ್ ಹಾಕಿ ಸುಸ್ತಾದವರನ್ನು ಕಂಡಿದ್ದೇನೆ. ಕೇಳಬೇಕಾದ್ದು ಹೀಗೆ: 'ನಮ್ಮ ವಿಷಯ ನಿಮಗೆ ಮೊದಲು ಹೇಗೆ ಗೊತ್ತಾಯ್ತು?' ಇಷ್ಟು ಕೇಳಿ ಸುಮ್ಮನಿರಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. 'ನಾದಿನಿ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದ್ಲು' ಎಂದರೆ ಅದನ್ನು ಬರೀ 'ವಾಟ್ಸ್‌ಆ್ಯಪ್' ಎಂದು ಮೊಟಕು ಮಾಡಬೇಡಿ. ಅಲ್ಲಿ ಕೆಲಸ ಮಾಡಿದ್ದು ನಾದಿನಿ. ಅವರಿಗೆ ಸ್ಟೇಟಸ್ ಹಾಕಲು ಇನ್ನೊಂದು ಒಳ್ಳೆಯ ಫೋಟೊ ಕಳಿಸಿಕೊಡುವುದೇ ನಿಮ್ಮ ಮುಂದಿನ ಪ್ರಚಾರ.

ಇನ್ನು ಮೂರನೇ ಕಾಲಂ. ಯಾವ ಜಾಲತಾಣ ಎಂಬ ತೀರ್ಮಾನ ಇಲ್ಲೇ ಆಗುತ್ತದೆ. ಒಂದೊಂದು ವ್ಯಾಪಾರಕ್ಕೂ ಗಿರಾಕಿ ಕೇಳುವ ಮೊದಲ ಪ್ರಶ್ನೆ ಬೇರೆ. ಆ ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಡುವ ಜಾಗವೇ ನಿಮ್ಮ ಜಾಗ.

'ಹೇಗಿದೆ, ತೋರಿಸಿ' ಎಂದೇ ಹೆಚ್ಚು ಜನ ಕೇಳುತ್ತಿದ್ದರೆ ಅದು ಇನ್‌ಸ್ಟಾಗ್ರಾಂ ವ್ಯಾಪಾರ. ಸೀರೆ, ಆರಿ ಕೆಲಸದ ಬ್ಲೌಸ್, ಚನ್ನಪಟ್ಟಣದ ಗೊಂಬೆ, ಹುಟ್ಟುಹಬ್ಬದ ಕೇಕ್ ಎಲ್ಲವೂ ಕಣ್ಣಿನಿಂದ ಕೊಳ್ಳುವಂಥವು. ಇಳಕಲ್ ಸೀರೆ ಮಾರುವವರಿಗೆ ನನ್ನದೊಂದು ಸಲಹೆ: ಮಡಿಸಿಟ್ಟ ಸೀರೆಯ ಫೋಟೊ ಸಾಲುಸಾಲಾಗಿ ಹಾಕುವುದನ್ನು ಬಿಡಿ. ಮಗ್ಗದಲ್ಲಿ ಒಡಲಿನ ಉದ್ದದ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಆ ಕೈಗಳನ್ನು ಕಿಟಕಿ ಬೆಳಕಿನಲ್ಲಿ ಮೂವತ್ತು ಸೆಕೆಂಡ್ ಹಿಡಿಯಿರಿ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಸೆರಗಿನ ಕೆಂಪು ಬೇರೆಯೇ ಕಾಣುತ್ತದೆ. ಕೈಗೆ ಬಂದ ಸೀರೆಯ ಬಣ್ಣ ಬೇರೆ ಎಂದು ಜಗಳ ಶುರುವಾಗುವುದು ಅಲ್ಲಿಂದಲೇ.

'ಯಾಕೆ ಹೀಗಾಗುತ್ತೆ, ಹೇಗೆ ಮಾಡೋದು' ಎಂಬುದು ಮೊದಲ ಪ್ರಶ್ನೆಯಾದರೆ ಯೂಟ್ಯೂಬ್. ಮೋಟಾರ್ ರಿವೈಂಡಿಂಗ್, ಡ್ರಿಪ್ ಪೈಪ್, ನರ್ಸರಿ, ಮೊಬೈಲ್ ರಿಪೇರಿ ಇವೆಲ್ಲ ಇಲ್ಲಿಗೆ ಸೇರುತ್ತವೆ. ಬೋರ್‌ವೆಲ್ ಮೋಟಾರ್ ಪದೇ ಪದೇ ಟ್ರಿಪ್ ಆದರೆ ರೈತ ರಾತ್ರಿ ಫೋನ್ ಹಿಡಿದು ಅದನ್ನೇ ಹುಡುಕುತ್ತಾನೆ. ಅವನು ಹುಡುಕುವ ಮಾತನ್ನೇ ವಿಡಿಯೊದ ತಲೆಬರಹ ಮಾಡಿ, ಕನ್ನಡದಲ್ಲೇ ಬರೆಯಿರಿ. ಇನ್‌ಸ್ಟಾಗ್ರಾಂ ರೀಲ್ಸ್ ಓಡಿದರೆ ಕೆಲವು ದಿನ ಓಡುತ್ತದೆ, ಆಮೇಲೆ ಕೆಳಗೆ ಹೋಗಿಬಿಡುತ್ತದೆ. ಯೂಟ್ಯೂಬ್‌ನಲ್ಲಿ ಉಪಯೋಗದ ವಿಡಿಯೊ ಮೂರು ವರ್ಷ ಬಿಟ್ಟು ಹುಡುಕಿದವನಿಗೂ ಸಿಗುತ್ತದೆ. ಚಾನೆಲ್‌ನಿಂದಲೇ ದುಡ್ಡು ಬರುತ್ತದೆಂಬ ಆಸೆ ಇಟ್ಟುಕೊಳ್ಳಬೇಡಿ. ನಿಮಗೆ ಬೇಕಿರುವುದು ನಾಲ್ಕು ತಾಲ್ಲೂಕಿನ ಮೋಟಾರ್, ನಾಲ್ಕು ಲಕ್ಷ ವೀಕ್ಷಣೆಯಲ್ಲ.

'ನೀವು ಯಾರ ಕಡೆಯವರು, ಯಾರಿಗೆ ಮಾಡಿಕೊಟ್ಟಿದ್ದೀರಿ' ಎಂದು ಕೇಳುವ ವ್ಯಾಪಾರಕ್ಕೆ ಫೇಸ್‌ಬುಕ್. ಅಡುಗೆ ಕಾಂಟ್ರಾಕ್ಟ್, ಶಾಮಿಯಾನ, ಮನೆ ಟ್ಯೂಷನ್, ಊರಿನ ತಿಂಡಿ ಇಂಥವು. ನಡುವಯಸ್ಸು ದಾಟಿದವರು, ಊರು ಬಿಟ್ಟು ಮುಂಬೈಯಲ್ಲೋ ಹೊರದೇಶದಲ್ಲೋ ಇರುವವರು ತಮ್ಮ ಊರಿನ ಗುಂಪುಗಳಲ್ಲಿ ಈಗಲೂ ಇಲ್ಲಿದ್ದಾರೆ. ಒಂದು ಎಚ್ಚರಿಕೆ: ಅಂಗಡಿ ಹೆಸರಿನಲ್ಲಿ ಪ್ರೊಫೈಲ್ ತೆರೆದು ಫ್ರೆಂಡ್ ರಿಕ್ವೆಸ್ಟ್ ಕಳಿಸುವವರು ಬಹಳ. ಪ್ರೊಫೈಲ್‌ಗೆ 5,000 ಸ್ನೇಹಿತರ ಮಿತಿ ಇದೆ, ವ್ಯಕ್ತಿಯ ಬದಲು ಅಂಗಡಿಯ ಹೆಸರಿನಲ್ಲಿ ಅದನ್ನು ತೆರೆಯುವುದು ಫೇಸ್‌ಬುಕ್ ನಿಯಮಕ್ಕೂ ವಿರುದ್ಧ. ಅಂಗಡಿಗಳಿಗೆಂದೇ ಇರುವ ಪೇಜ್ ಮಾಡಿ.

'ಎಷ್ಟು ಪೀಸ್ ಮಾಡಿಕೊಡ್ತೀರಿ, ಜಿಎಸ್‌ಟಿ ಬಿಲ್ ಇದೆಯಾ, ಕೊಟೇಶನ್ ಕಳಿಸಿ' ಎನ್ನುವವರು ನಿಮ್ಮ ಗಿರಾಕಿಯಾಗಿದ್ದರೆ ಮಾತ್ರ ಲಿಂಕ್ಡ್‌ಇನ್. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಜಾಬ್ ವರ್ಕ್ ಮಾಡುವವರಿಗೆ ಅದು ಸರಿ. ಹಪ್ಪಳಕ್ಕೆ ಬೇಡ.

'ಅಂಗಡಿ ಎಲ್ಲಿದೆ, ಎಷ್ಟು ಹೊತ್ತಿಗೆ ತೆಗೀತೀರಿ' ಎಂದೇ ಮೂವತ್ತರಲ್ಲಿ ಅರ್ಧ ಜನ ಕೇಳಿದರೆ ಯಾವ ಜಾಲತಾಣವೂ ಬೇಡ. ಗೂಗಲ್ ಮ್ಯಾಪ್‌ನಲ್ಲಿ ಕಾಣಿಸುವ ಬಿಸಿನೆಸ್ ಪ್ರೊಫೈಲ್ ಮಾಡಿಸಿ, ಅದು ಉಚಿತ. ಬಾಗಿಲಿನ ಫೋಟೊ ರಸ್ತೆಯಿಂದ ಕಾಣುವ ಹಾಗೆ ಇರಲಿ, ವಾರದಲ್ಲಿ ರಜೆ ಇರುವ ದಿನ ಸರಿಯಾಗಿರಲಿ. ಮನೆ ಮನೆಗೆ ಹೋಗಿ ಕೆಲಸ ಮಾಡುವ ಎಲೆಕ್ಟ್ರೀಷಿಯನ್, ಪ್ಲಂಬರ್ ವಿಳಾಸ ಮುಚ್ಚಿಟ್ಟು ತಾವು ಹೋಗುವ ಪ್ರದೇಶವನ್ನಷ್ಟೇ ತೋರಿಸಬಹುದು. ಗಿರಾಕಿಯ ಮುಖವನ್ನೇ ನೋಡದೆ ಬರೀ ಕೊರಿಯರ್‌ನಲ್ಲಿ ಕಳಿಸುವ ವ್ಯಾಪಾರಕ್ಕೆ ಮಾತ್ರ ಗೂಗಲ್ ಇದನ್ನು ಕೊಡುವುದಿಲ್ಲ.

ಅತ್ತಿಗೆಯ ಪುಸ್ತಕ ನೋಡಿದೆವು. ಊರಿನ ಕಾಲಂನಲ್ಲಿ ಬೆಂಗಳೂರು, ಹುಬ್ಬಳ್ಳಿ, ಪುಣೆ. ಎರಡನೆಯದರಲ್ಲಿ ಸಾಲುಸಾಲಾಗಿ ಅಕ್ಕ, ಚಿಕ್ಕಮ್ಮ, ಆಫೀಸಿನವರು. ಮೂರನೆಯದರಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿತ್ತು: 'ಈ ವರ್ಷದ್ದು ಆಯ್ತಾ? ಇದೆಯಾ? ಕಳಿಸ್ತೀರಾ?' ಇದು ಹುಡುಕಿಕೊಂಡು ಬಂದವರ ಪ್ರಶ್ನೆಯಲ್ಲ, ಮೊದಲೇ ರುಚಿ ಕಂಡವರದ್ದು. ಅವರಿಗೆ ಬೇಕಿದ್ದದ್ದು ಹಪ್ಪಳ ಒಣಗಿದ ದಿನ ಒಂದು ಸುದ್ದಿ, ಅಷ್ಟೆ. ಅಂದರೆ ವಾಟ್ಸ್‌ಆ್ಯಪ್.

ಹೆಜ್ಜೆ 2: ವಾಟ್ಸ್‌ಆ್ಯಪ್ ಬಿಸಿನೆಸ್ ಎಲ್ಲರಿಗೂ ಇರಲಿ

ಮುಖ್ಯ ಜಾಗ ಯಾವುದೇ ಆದರೂ ಮಾತು ಮುಗಿಯುವುದು ಇಲ್ಲೇ. ಹಾಗಾಗಿ ಇದರ ಮೇಲೆ ಚರ್ಚೆ ಬೇಡ. ಇದು ವ್ಯಾಪಾರಿಗಳಿಗೆಂದೇ ಇರುವ ವಾಟ್ಸ್‌ಆ್ಯಪ್. ವ್ಯಾಪಾರಕ್ಕೇ ಬೇರೆ ನಂಬರ್ ತೆಗೆದುಕೊಳ್ಳಿ, ಅದರಲ್ಲಿ ಸಾಮಾನು ತೋರಿಸುವ ಕ್ಯಾಟಲಾಗ್‌ನಲ್ಲಿ ಬೆಲೆಯನ್ನೂ ಹಾಕಿ. 'ಬೆಲೆಗೆ ಮೆಸೇಜ್ ಮಾಡಿ' ಎಂದು ಬರೆದರೆ ಅರ್ಧ ಜನ ಅಲ್ಲೇ ವಾಪಸ್ ಹೋಗುತ್ತಾರೆ.

ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ, ಆದರೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯ ವಿಷಯ ಗೊತ್ತಿರಲಿ. ಒಂದು ಪಟ್ಟಿಗೆ 256 ಜನ. ಅದಕ್ಕಿಂತ ಮುಖ್ಯವಾದದ್ದು, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ಹೋಗುತ್ತದೆ. 'ಇನ್ನೂರು ಜನಕ್ಕೆ ಕಳಿಸಿದೆ, ಒಬ್ಬರೂ ಉತ್ತರಿಸಲಿಲ್ಲ' ಎಂದು ಕೊರಗುವವರಿಗೆ ಹೆಚ್ಚಿನ ಸಲ ಆಗಿರುವುದು ಇದೇ. ಅತ್ತಿಗೆ ಈಗ ಪ್ರತಿ ಕಟ್ಟಿನೊಳಗೆ ಒಂದು ಚೀಟಿ ಇಡುತ್ತಾರೆ, ಕೈಬರಹದ್ದು: 'ಈ ನಂಬರ್ ಸೇವ್ ಮಾಡಿಕೊಳ್ಳಿ, ಮುಂದಿನ ಹಲಸು ಬಂದಾಗ ತಿಳಿಸುತ್ತೇನೆ.' ತಿಂಡಿ ಮಾರುವವರು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ ಅದರ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕುವುದನ್ನು ಮರೆಯಬೇಡಿ. ತಿಳಿದ ಗಿರಾಕಿ ಅದನ್ನೇ ಮೊದಲು ನೋಡುತ್ತಾರೆ.

ಹೆಜ್ಜೆ 3: ಖಾತೆಗೂ ಮೊದಲು ಎಂಟು ಪೋಸ್ಟ್

ಆರಿಸಿಕೊಂಡ ಜಾಗಕ್ಕೆ ಎಂಟು ಪೋಸ್ಟ್ ಮಾಡಿ ಫೋನಿನಲ್ಲೇ ಇಟ್ಟುಕೊಳ್ಳಿ. ನೀವೇ ಮಾಡಬೇಕು, ಮಗಳು, ಅಳಿಯ, ಪಕ್ಕದ ಮನೆ ಹುಡುಗ ಅಲ್ಲ. ಎರಡು ವಾರದಲ್ಲಿ ಎಂಟು ಆಗದಿದ್ದರೆ ಆ ಜಾಗ ನಿಮ್ಮ ಕೈಗೆ ಒಗ್ಗುವುದಿಲ್ಲ. ಕ್ಯಾಮೆರಾ ಮುಂದೆ ಮಾತು ಬಾರದವರು ಯೂಟ್ಯೂಬ್ ಹಿಡಿದರೆ ಎರಡೇ ವಿಡಿಯೊಗೆ ನಿಲ್ಲುತ್ತದೆ. ಅಂಥವರು ಫೋಟೊ ಮತ್ತು ನಾಲ್ಕು ಸಾಲಿನ ಬರಹಕ್ಕೆ ಬನ್ನಿ.

ಹಬ್ಬಕ್ಕೊಂದು ಪೋಸ್ಟರ್ ಮಾಡಿಕೊಡುವ ಆ್ಯಪ್‌ಗಳಿವೆ. ಗಣೇಶನ ಚಿತ್ರ, ಕೆಳಗೆ ನಿಮ್ಮ ಫೋಟೊ, ಅಂಗಡಿ ಹೆಸರು. ದುಡ್ಡು ಕೊಟ್ಟು ಇದನ್ನು ತೆಗೆದುಕೊಳ್ಳಬೇಡಿ. ಚೌತಿಯ ದಿನ ಅದೇ ಗಣೇಶ ಊರಿನ ಎಲ್ಲ ಅಂಗಡಿಯ ಪುಟದಲ್ಲೂ ಇರುತ್ತಾನೆ, ಗಿರಾಕಿಗೆ ನಿಮ್ಮ ಬಗ್ಗೆ ಹೊಸದೇನೂ ಗೊತ್ತಾಗುವುದಿಲ್ಲ. ಆ ದಿನ ನಿಮ್ಮ ಒಲೆಯ ಮೇಲಿನ ಮೋದಕದ ಪಾತ್ರೆಯನ್ನು ತೋರಿಸಿ. ಫಾಲೋವರ್ಸ್ ಮಾರುವವರಂತೂ ಬೇಡವೇ ಬೇಡ. ಬಂದವರಲ್ಲಿ ಒಬ್ಬರೂ ಕೊಳ್ಳುವುದಿಲ್ಲ, ಸುಮ್ಮನೆ ಕೂತ ಆ ಸಂಖ್ಯೆಯಿಂದಾಗಿ ನಿಜವಾದ ಗಿರಾಕಿಗೆ ನಿಮ್ಮ ಪೋಸ್ಟ್ ತಲುಪುವುದೂ ಕಡಿಮೆಯಾಗುತ್ತದೆ.

ಹೆಜ್ಜೆ 4: ಖಾತೆ ನಿಮ್ಮ ನಂಬರಿನಲ್ಲಿರಲಿ

ನಿಮ್ಮದೇ ಫೋನ್ ನಂಬರ್, ನಿಮ್ಮದೇ ಇಮೇಲ್, ಎರಡು ಹಂತದ ಭದ್ರತೆ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ). ನನ್ನ ಗೆಳೆಯನ ಬೇಕರಿಯ ಪೇಜನ್ನು ಪ್ರಚಾರದ ಕಂಪನಿಯೊಂದು ತನ್ನ ಇಮೇಲ್‌ನಲ್ಲಿ ತೆರೆದಿತ್ತು. ಲೆಕ್ಕದ ವಿಷಯಕ್ಕೆ ಮನಸ್ತಾಪವಾಗಿ ಬಿಟ್ಟ ದಿನ ನಾಲ್ಕು ವರ್ಷದ ಕೇಕ್ ಫೋಟೊ, ಜನ ಬರೆದ ಒಳ್ಳೆಯ ಮಾತು ಎಲ್ಲವೂ ಅವರ ಜೊತೆಗೇ ಹೋಯಿತು. ಓಟಿಪಿಯನ್ನು ಯಾರು ಕೇಳಿದರೂ ಕೊಡಬೇಡಿ, ಖಾತೆ ತೆರೆದುಕೊಡುವ ಸ್ವಂತ ಸೋದರಳಿಯನಾದರೂ ನಿಮ್ಮ ಎದುರಿಗೇ ಕೂತು ಮಾಡಲಿ.

ಗಿರಾಕಿಗಳ ನಂಬರ್ ಮಾತ್ರ ಯಾವಾಗಲೂ ನೋಟ್‌ಬುಕ್ಕಿನಲ್ಲೂ ಇರಬೇಕು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು, ಅಲ್ಲಿ ಕಷ್ಟಪಟ್ಟು ಜನ ಕೂಡಿಸಿದ್ದವರ ಕೈಯಲ್ಲಿ ಏನೂ ಉಳಿಯಲಿಲ್ಲ. ಕನ್ನಡದಲ್ಲೂ ಬರೆಯಬಹುದಾಗಿದ್ದ, ನಮ್ಮ ಬೆಂಗಳೂರಿನದೇ ಆದ 'ಕೂ' ಜಾಲತಾಣ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಎಕ್ಸ್ ಮತ್ತು ಟೆಲಿಗ್ರಾಂ ಬಗ್ಗೆ ಕೇಳುತ್ತಾರೆ. ಸಣ್ಣ ವ್ಯಾಪಾರಿಗೆ ಎರಡೂ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆಜ್ಜೆ 5: ತೊಂಬತ್ತು ದಿನ ನಡೆಸಿ, ಆರ್ಡರ್ ಎಣಿಸಿ

ಲೈಕ್ ಎಣಿಸಬೇಡಿ. ಯಾವ ಕಡೆಯಿಂದ ಆರ್ಡರ್ ಬಂತು ಎಂದು ತಿಳಿಯಲು ಸುಲಭದ ದಾರಿಯಿದೆ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ನಿಮ್ಮದೇ ಒಂದು ಲಿಂಕ್ ಸಿಗುತ್ತದೆ, ಅದಕ್ಕೆ ಮೊದಲೇ ಒಂದು ಮಾತು ಬರೆದಿಡಬಹುದು. ಅದು ಕಷ್ಟವೆನಿಸಿದರೆ ಇನ್‌ಸ್ಟಾಗ್ರಾಂನಲ್ಲಿ 'ಹಲಸು ಎಂದು ವಾಟ್ಸ್‌ಆ್ಯಪ್ ಮಾಡಿ' ಎಂದೂ, ಫೇಸ್‌ಬುಕ್‌ನಲ್ಲಿ 'ಹಪ್ಪಳ ಎಂದು ವಾಟ್ಸ್‌ಆ್ಯಪ್ ಮಾಡಿ' ಎಂದೂ ಬರೆಯಿರಿ. ಬಂದ ಪದ ನೋಡಿದರೆ ಬಾಗಿಲು ಯಾವುದೆಂದು ಗೊತ್ತಾಗುತ್ತದೆ. ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನಕ್ಕೆ ತೋರಿಸುವ ಬೂಸ್ಟ್ ಗುಂಡಿ ಒತ್ತುವ ಆಸೆ ಈ ಸಮಯದಲ್ಲೇ ಬರುತ್ತದೆ, ತಡೆದುಕೊಳ್ಳಿ. ದುಡ್ಡು ಹಾಕಲೇಬೇಕೆಂದಿದ್ದರೆ ಒತ್ತಿದವರು ನೇರ ವಾಟ್ಸ್‌ಆ್ಯಪ್‌ಗೆ ಬರುವಂಥ ಜಾಹೀರಾತು ಕೊಡಿ, ಅದೂ ನೀವು ಸಾಮಾನು ಕಳಿಸಬಲ್ಲ ಊರುಗಳಿಗೆ ಮಾತ್ರ.

ತೊಂಬತ್ತು ದಿನಕ್ಕೆ ಒಂದೂ ಆರ್ಡರ್ ಬಾರದ ಜಾಗವನ್ನು ಮುಚ್ಚಿ. ನಡೆಯುತ್ತಿರುವುದಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ಕೊಡಿ, ಅದರಲ್ಲಿ ಹದಿನೈದು ನಿಮಿಷ ಬಂದ ಪ್ರಶ್ನೆಗಳಿಗೆ ಉತ್ತರಿಸಲು.

ಹೆಜ್ಜೆ 6: ಉಳಿದವನ್ನು ಮುಚ್ಚುವುದು

ಹಳೆಯ ಖಾತೆಗಳನ್ನು ಹಾಗೇ ಬಿಟ್ಟರೆ ಇನ್ನೊಬ್ಬರು 'ಇದ್ದೀರಾ' ಎಂದು ಕಾಯುತ್ತಾರೆ. ಅತ್ತಿಗೆಯ ಆರರಲ್ಲಿ ಐದನ್ನು ತೆಗೆದುಹಾಕಿದೆವು. ಹೊರಊರಿನವರಿಗಾಗಿ ಫೇಸ್‌ಬುಕ್ ಪೇಜ್ ಒಂದನ್ನು ಉಳಿಸಿಕೊಂಡು, ಎಲ್ಲಕ್ಕಿಂತ ಮೇಲೆ ಒಂದು ಪೋಸ್ಟ್ ಪಿನ್ ಮಾಡಿದೆವು: 'ಇಲ್ಲಿ ದಿನಾ ನೋಡಲು ಆಗುವುದಿಲ್ಲ, ಹಪ್ಪಳ ಬೇಕಿದ್ದರೆ ಈ ನಂಬರಿಗೆ ವಾಟ್ಸ್‌ಆ್ಯಪ್ ಮಾಡಿ.' ಮೆಸೇಜಿಗೆ ತಾನಾಗಿಯೇ ಹೋಗುವ ಉತ್ತರದಲ್ಲೂ ಅದೇ ಮಾತು. ಆಮೇಲೆ ಮದುವೆ ಮನೆಯ ಆ ಗಿರಾಕಿಗೆ ಅತ್ತಿಗೆ ಕ್ಷಮೆ ಕೇಳಿ ಬರೆದರು, ವಿಳಾಸ ಕೇಳಿ ಒಂದು ಕಟ್ಟು ಕಳಿಸಿದರು.

ಖಾತೆ ಅಳಿಸುವ ಮೊದಲು ಅದರಲ್ಲಿರುವ ಫೋಟೊ, ಗಿರಾಕಿಗಳ ಮೆಸೇಜು ಎಲ್ಲವನ್ನೂ ಇಳಿಸಿಕೊಳ್ಳಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆ ಅಳಿಸಲು ಕೊಟ್ಟ ಮೇಲೆ 30 ದಿನದ ಗಡುವು ಇರುತ್ತದೆ. ಅಷ್ಟರಲ್ಲಿ ಕುತೂಹಲಕ್ಕೆಂದು ಲಾಗಿನ್ ಆಗಲು ಹೋಗಬೇಡಿ, ಖಾತೆ ಮತ್ತೆ ಜೀವಂತವಾಗಿ ಕೂರಬಹುದು. ಮೂವತ್ತೊಂದನೇ ದಿನ ಇನ್ನೊಬ್ಬರ ಫೋನಿನಿಂದ ನಿಮ್ಮ ಅಂಗಡಿಯ ಹೆಸರು ಹುಡುಕಿ, ಎಲ್ಲೆಲ್ಲಿ ಏನು ಕಾಣುತ್ತದೆ ನೋಡಿ.